ಇಪ್ಪತ್ತು ಮಕ್ಕಳ ಶಾಲೆಯನ್ನು ಅಳೆಯುವುದು ಹೇಗೆ?

ಮೇ ತಿಂಗಳ ಕೊನೆ ಬಂತೆಂದರೆ ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಒಂದೇ ಯೋಚನೆ. ಈ ಸಲ ಒಂದನೇ ಕ್ಲಾಸಿಗೆ ಎಷ್ಟು ಮಕ್ಕಳು ಸಿಗುತ್ತಾರೆ? ದಾಖಲಾತಿ ಆಂದೋಲನದ ಕರಪತ್ರ ಹಿಡಿದು ಮನೆ ಮನೆ ಸುತ್ತಬೇಕು. ಬಿಸಿಯೂಟ ಇದೆ, ಹಾಲು ಇದೆ, ಮೊಟ್ಟೆ ಇದೆ, ಪುಸ್ತಕ, ಯೂನಿಫಾರ್ಮ್, ಶೂ ಎಲ್ಲ ಉಚಿತ ಎಂದು ಹೇಳಬೇಕು. ಮನೆಯ ತಾಯಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಳ್ಳುತ್ತಾರೆ. ಆಮೇಲೆ, "ಆಯ್ತು ಸಾರ್, ಇಂಗ್ಲಿಷ್ ಮೀಡಿಯಂ ಇದೆಯಾ? ಎಷ್ಟು ಜನ ಟೀಚರ್ ಇದ್ದೀರಿ?" ಎನ್ನುತ್ತಾರೆ. ಮೊದಲನೆಯದಕ್ಕೆ ಏನೋ ಒಂದು ಉತ್ತರ ಹೇಳಬಹುದು. ಎರಡನೆಯದಕ್ಕೆ ಬಹಳ ಕಡೆ ಇರುವುದು ಒಂದೇ ಉತ್ತರ: "ನಾನೊಬ್ಬನೇ."

ಹತ್ತಿಪ್ಪತ್ತು ಮಕ್ಕಳಿರುವ ಸರ್ಕಾರಿ ಶಾಲೆಯ ಹಣೆಬರಹ ನಿಂತಿರುವುದು ಎರಡು ಅಂಕಿಗಳ ಮೇಲೆ. ಎಷ್ಟು ಮಕ್ಕಳಿದ್ದಾರೆ, ಆ ಮಕ್ಕಳಿಗೆ ಓದು ಬರಹ ಎಷ್ಟು ಬರುತ್ತದೆ. ಮೊದಲನೆಯದು ಕಡಿಮೆಯಾದರೆ 'ಶಾಲೆ ನಡೆಸುವುದು ದಂಡ' ಎನ್ನುತ್ತಾರೆ. ಎರಡನೆಯದು ಕಡಿಮೆಯಾದರೆ 'ಅಲ್ಲಿ ಪಾಠವೇ ನಡೆಯುವುದಿಲ್ಲ' ಎನ್ನುತ್ತಾರೆ. ಎರಡೂ ಸೇರಿದರೆ ವಿಲೀನದ, ಅಂದರೆ ಶಾಲೆಯನ್ನು ಇನ್ನೊಂದು ಶಾಲೆಗೆ ಸೇರಿಸಿಬಿಡುವ ಮಾತು ಶುರುವಾಗುತ್ತದೆ. ದೊಡ್ಡ ಶಾಲೆಯ ಅಂಕಿಗಳನ್ನು ಓದುವ ಹಾಗೇ ಸಣ್ಣ ಶಾಲೆಯ ಅಂಕಿಗಳನ್ನೂ ಓದಿದರೆ ತಪ್ಪು ತೀರ್ಮಾನಕ್ಕೆ ಬರುತ್ತೇವೆ. ಮಕ್ಕಳು ಕಡಿಮೆ ಇದ್ದಾರೆ ಎಂಬ ಕಾರಣಕ್ಕೇ ಕಲಿಕೆ ಕುಸಿಯುವುದಿಲ್ಲ. ಆ ಮಕ್ಕಳ ತಲೆ ಎಣಿಸಿ ನಾವು ಶಿಕ್ಷಕರನ್ನು ಕೊಡುತ್ತೇವಲ್ಲ, ಕುಸಿತ ಅಲ್ಲಿಂದ ಶುರುವಾಗುತ್ತದೆ.

ಸಣ್ಣ ಶಾಲೆ ಎಂದರೆ ಎಲ್ಲೋ ಕಾಡಿನಂಚಿನಲ್ಲಿ ಅಪರೂಪಕ್ಕೆ ಇರುವಂಥದ್ದು ಅಂದುಕೊಳ್ಳುವವರು ಜಾಸ್ತಿ. ಹಾಗಿಲ್ಲ. ಗ್ರಾಮೀಣ ಭಾರತದ ಶಾಲೆಗಳಿಗೆ ಹೋಗಿ ನೋಡುವ 'ಅಸರ್' ಸಮೀಕ್ಷೆಯ ಪ್ರಕಾರ, 60ಕ್ಕಿಂತ ಕಡಿಮೆ ಮಕ್ಕಳಿರುವ ಸರ್ಕಾರಿ ಪ್ರಾಥಮಿಕ ಶಾಲೆಗಳ ಪಾಲು 2022ರಲ್ಲಿ ಶೇ 44 ಇತ್ತು. 2024ಕ್ಕೆ ಅದು ಶೇ 52 ದಾಟಿತು. ಅಂದರೆ ಹಳ್ಳಿಗಾಡಿನಲ್ಲಿ ಸಣ್ಣ ಶಾಲೆಯೇ ಈಗ ಮಾಮೂಲಿ ಶಾಲೆ. ಕೇಂದ್ರ ಸರ್ಕಾರದ 'ಯುಡೈಸ್ ಪ್ಲಸ್' ದಾಖಲೆಯಂತೆ 2024-25ರಲ್ಲಿ ದೇಶದಲ್ಲಿ 1,04,125 ಏಕೋಪಾಧ್ಯಾಯ ಶಾಲೆಗಳಿದ್ದವು. ಅವುಗಳಲ್ಲಿ ಸುಮಾರು 33.76 ಲಕ್ಷ ಮಕ್ಕಳು ಓದುತ್ತಿದ್ದರು. ಕರ್ನಾಟಕದ ಪಾಲು 7,349 ಶಾಲೆಗಳು. ಅದೇ ವರ್ಷ ದೇಶದಲ್ಲಿ ಒಂದು ಮಗುವೂ ಇಲ್ಲದ ಶಾಲೆಗಳು 7,993.

ಮಕ್ಕಳು ಎಲ್ಲಿ ಹೋದರು?

ಮೊದಲ ಉತ್ತರ ಬಹಳ ಸರಳ. ಮಕ್ಕಳು ಹುಟ್ಟುತ್ತಿರುವುದೇ ಕಡಿಮೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಅಂದರೆ 2019-21ರಲ್ಲಿ, ಕರ್ನಾಟಕದ ಒಟ್ಟು ಫಲವಂತಿಕೆ ದರ, ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕ, 1.7 ಇತ್ತು. ಜನಸಂಖ್ಯೆ ಇದ್ದ ಹಾಗೇ ಉಳಿಯಲು 2.1 ಬೇಕು. ಮಲೆನಾಡು, ಕೊಡಗು, ಕರಾವಳಿಯ ಎಷ್ಟೋ ಊರುಗಳಲ್ಲಿ ಹಿರಿಯರು ಮಾತ್ರ ಇರುವ ಮನೆಗಳು ಸಾಲಾಗಿ ಸಿಗುತ್ತವೆ. ಮಕ್ಕಳು ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಮೊಮ್ಮಕ್ಕಳು ಅಲ್ಲೇ ಶಾಲೆಗೆ ಹೋಗುತ್ತಾರೆ. ಇಂಥ ಊರಿನ ಶಾಲೆಯಲ್ಲಿ ದಾಖಲಾತಿ ಬಿದ್ದರೆ ಅದಕ್ಕೆ ಮೇಷ್ಟ್ರನ್ನು ಬೈದು ಏನು ಪ್ರಯೋಜನ?

ಎರಡನೆಯದು ವಯಸ್ಸಿನ ಲೆಕ್ಕ. ಖಾಸಗಿ ಶಾಲೆ ಮಗುವನ್ನು ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತದೆ. ಬಹಳಷ್ಟು ಸರ್ಕಾರಿ ಶಾಲೆಗಳು ಒಂದನೇ ತರಗತಿಗೆ ಕಾಯುತ್ತವೆ. ನಡುವಿನ ಎರಡು ವರ್ಷದಲ್ಲಿ ಮಗುವಿಗೆ ಆ ಶಾಲೆಯ ಗೆಳೆಯರು, ಆ ವ್ಯಾನು, ಆ ಟೀಚರು ಅಭ್ಯಾಸವಾಗಿರುತ್ತಾರೆ. ಆರನೇ ವರ್ಷಕ್ಕೆ 'ನಮ್ಮ ಶಾಲೆಗೆ ಕಳಿಸಿ' ಎಂದರೆ ಯಾರು ಕಳಿಸುತ್ತಾರೆ? ಅಂಗನವಾಡಿ ಇದೆ, ನಿಜ. ಆದರೆ ಅದು ಬೇರೆ ಇಲಾಖೆಯದು, ಬಹಳ ಕಡೆ ಬೇರೆ ಕಟ್ಟಡದಲ್ಲಿದೆ. ಸರ್ಕಾರಿ ಶಾಲೆಗಳಲ್ಲೇ ಎಲ್‌ಕೆಜಿ, ಯುಕೆಜಿ ತೆರೆಯಲು ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ವಿರೋಧಿಸಿದರು. ಅವರ ಆತಂಕಕ್ಕೂ ಅರ್ಥವಿದೆ. ತಮ್ಮ ಕೇಂದ್ರದಲ್ಲಿ ಮಕ್ಕಳು ಕಡಿಮೆಯಾದರೆ ಮುಂದೆ ಏನು ಎಂಬ ಭಯ ಅವರಿಗೂ ಇದೆ.

ಮೂರನೆಯದು ಇಂಗ್ಲಿಷ್. ಒಂದರಿಂದ ನಾಲ್ಕನೇ ತರಗತಿಯವರೆಗೆ ಮಾತೃಭಾಷೆಯಲ್ಲೇ ಕಲಿಸಬೇಕು ಎಂಬ 1994ರ ಭಾಷಾ ನೀತಿ 20 ವರ್ಷ ಕೋರ್ಟಿನಲ್ಲಿ ಓಡಾಡಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ, ಮಾಧ್ಯಮವನ್ನು ಸರ್ಕಾರ ಹೇರುವಂತಿಲ್ಲ ಎಂದಿತು. 2019-20ರಲ್ಲಿ ರಾಜ್ಯ ಸರ್ಕಾರವೇ 1,000 ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯಿತು. ಕನ್ನಡದಲ್ಲಿ ಕಲಿತ ಮಗುವಿಗೆ ಬುನಾದಿ ಗಟ್ಟಿಯಾಗುತ್ತದೆ ಎಂದು ನಾನು ನಂಬಿದ್ದೇನೆ. ಹಾಗಂತ ಇಂಗ್ಲಿಷ್ ಕೇಳುವ ತಾಯಿಯನ್ನು ದೂರುವುದು ಸರಿಯಲ್ಲ. ಒಬ್ಬರೇ ಟೀಚರ್ ಐದೂ ತರಗತಿ ನೋಡುವ ಕನ್ನಡ ಶಾಲೆ ಒಂದು ಕಡೆ, ತರಗತಿಗೊಬ್ಬರು ಇರುವ ಇಂಗ್ಲಿಷ್ ಶಾಲೆ ಇನ್ನೊಂದು ಕಡೆ. ಅವರ ಮುಂದೆ ನಾವಿಟ್ಟಿರುವ ಆಯ್ಕೆ ಇದು. ಇದನ್ನು ಭಾಷೆಯ ಆಯ್ಕೆ ಎಂದು ಮಾತ್ರ ನೋಡಿದರೆ ಅರ್ಧ ವಿಷಯ ಕೈತಪ್ಪುತ್ತದೆ.

ಸರ್ಕಾರದ ಕೈವಾಡವೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಗಳ ಶೇ 25 ಸೀಟುಗಳನ್ನು ಬಡ ಮಕ್ಕಳಿಗೆ ಕೊಡುವ ವ್ಯವಸ್ಥೆ ರಾಜ್ಯದಲ್ಲಿ 2012ರಲ್ಲಿ ಶುರುವಾಯಿತು. ಒಂದನೇ ತರಗತಿಯ ಒಂದು ಮಗುವಿಗೆ ವರ್ಷಕ್ಕೆ ಗರಿಷ್ಠ 16,000 ರೂಪಾಯಿಯನ್ನು ಸರ್ಕಾರ ಖಾಸಗಿ ಶಾಲೆಗೆ ಕಟ್ಟಿತು. ಪಕ್ಕದಲ್ಲೇ ಇದ್ದ ಸರ್ಕಾರಿ ಶಾಲೆಯ ಬೆಂಚು ಖಾಲಿಯಾಯಿತು. 2019-20ರಿಂದ ನಿಯಮ ಬದಲಾಯಿತು. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಸೀಟು ಇಲ್ಲ ಎಂದಾಯಿತು. ಹೈಕೋರ್ಟ್ ಇದನ್ನು ಒಪ್ಪಿತು. ಆದರೆ ಅಷ್ಟರಲ್ಲಿ ಹೋದವರು ಹೋಗಿದ್ದರು. ಅಣ್ಣ ಹೋದ ಶಾಲೆಗೇ ತಮ್ಮನೂ ಹೋಗುತ್ತಾನೆ ಅಲ್ವಾ?

ಕೊರೊನಾ ಕಾಲದಲ್ಲಿ ಒಂದು ಅವಕಾಶ ಸಿಕ್ಕಿತ್ತು. ಅಸರ್ ಪ್ರಕಾರ ಗ್ರಾಮೀಣ ಭಾರತದಲ್ಲಿ 6ರಿಂದ 14 ವರ್ಷದ ಮಕ್ಕಳಲ್ಲಿ ಸರ್ಕಾರಿ ಶಾಲೆಯವರ ಪಾಲು 2018ರಲ್ಲಿ ಶೇ 65.6 ಇತ್ತು. 2022ರಲ್ಲಿ ಅದು ಶೇ 72.9ಕ್ಕೆ ಏರಿತು. ಕೈಯಲ್ಲಿ ದುಡ್ಡಿಲ್ಲದೆ ಬಂದವರು, ಊರಿಗೆ ಮರಳಿದವರು, ಖಾಸಗಿ ಶಾಲೆ ಮುಚ್ಚಿದ್ದರಿಂದ ಬಂದವರು ಎಲ್ಲ ಇದ್ದರು. 2024ರಲ್ಲಿ ಮತ್ತೆ ಶೇ 66.8. ಬಂದವರು ವಾಪಸ್ ಹೋದರು. ಈ ಅಂಕಿ ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಮಗುವನ್ನು ಕರೆತಂದು ಬಾಗಿಲಲ್ಲಿ ನಿಲ್ಲಿಸಿದ್ದರು. ಆ ಎರಡು ವರ್ಷ ಪ್ರತಿ ಶಾಲೆಗೂ ಇನ್ನೊಬ್ಬ ಶಿಕ್ಷಕರನ್ನು ಕೊಟ್ಟಿದ್ದರೆ ಎಷ್ಟು ಜನ ಉಳಿಯುತ್ತಿದ್ದರೋ.

ಹಾಗಾದರೆ ಶಾಲೆಯಲ್ಲಿ ಉಳಿದವರು ಯಾರು? ವ್ಯಾನಿನ ಬಾಡಿಗೆ ಕೊಡಲಾಗದ ಮನೆಯ ಮಕ್ಕಳು. ಎಷ್ಟೋ ಕಡೆ, ಗಂಡು ಮಗುವನ್ನು ಕಾನ್ವೆಂಟಿಗೆ ಕಳಿಸಿದ ಮನೆಯ ಹೆಣ್ಣು ಮಗು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಸುತ್ತ ಅಸ್ಸಾಂನಿಂದ, ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳು. ಮನೆಯಲ್ಲಿ ಕನ್ನಡ ಇಲ್ಲದ ಮಗು ಒಂದನೇ ತರಗತಿಗೆ ಬಂದಾಗ ಅದಕ್ಕೆ ಅಕ್ಷರ ಕಲಿಸುವ ಮೊದಲು ಮಾತು ಕಲಿಸಬೇಕು. ಹೆಚ್ಚು ಆಸರೆ ಬೇಕಾದ ಮಕ್ಕಳು ಕಡಿಮೆ ಆಸರೆ ಇರುವ ಶಾಲೆಯಲ್ಲಿ ಸೇರಿದ್ದಾರೆ. ಅವರ ಅಂಕವನ್ನು ಪಟ್ಟಣದ ಶಾಲೆಯ ಅಂಕದ ಪಕ್ಕ ಇಟ್ಟು 'ನೋಡಿ' ಎನ್ನುವುದು ಅನ್ಯಾಯ.

ನಾಲ್ಕು ಮಕ್ಕಳ ಶೇಕಡಾವಾರು

ಈಗ ಕಲಿಕೆಯ ಅಂಕಿಗೆ ಬರೋಣ. ಒಂದು ಶಾಲೆಯ ಮೂರನೇ ತರಗತಿಯಲ್ಲಿ ನಾಲ್ಕು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಕಳೆದ ವರ್ಷ ಮೂವರು ಸರಾಗವಾಗಿ ಓದುತ್ತಿದ್ದರು. ಶೇ 75. ಈ ವರ್ಷ ಬೇರೆ ನಾಲ್ಕು ಮಕ್ಕಳು ಮೂರನೇ ತರಗತಿಗೆ ಬಂದಿದ್ದಾರೆ. ಅವರಲ್ಲಿ ಒಬ್ಬಳಿಗೆ ಮಾತ್ರ ಓದಲು ಬರುತ್ತದೆ. ಶೇ 25. 'ಒಂದೇ ವರ್ಷದಲ್ಲಿ 50 ಅಂಶ ಕುಸಿತ' ಎಂದು ಕಾಗದದ ಮೇಲೆ ಬರುತ್ತದೆ. ಟೀಚರ್ ಅವರೇ, ಪಾಠವೂ ಅದೇ. ಬದಲಾಗಿದ್ದು ಮಕ್ಕಳು. ಒಬ್ಬ ಹುಡುಗ ಅಪ್ಪ ಅಮ್ಮನ ಜೊತೆ ಕಬ್ಬು ಕಡಿಯಲು ಹೋಗಿ ನಾಲ್ಕು ತಿಂಗಳು ಬಂದಿರಲಿಕ್ಕಿಲ್ಲ. ಇನ್ನೊಬ್ಬಳಿಗೆ ಕಣ್ಣು ಸರಿ ಕಾಣದೆ ಕನ್ನಡಕ ಬೇಕಿತ್ತೇನೋ. ಮುನ್ನೂರು ಮಕ್ಕಳ ಶಾಲೆಯಲ್ಲಿ ಇಂಥವು ಒಂದರೊಳಗೊಂದು ಸೇರಿ ಸರಾಸರಿಯಲ್ಲಿ ಕರಗಿ ಹೋಗುತ್ತವೆ. ನಾಲ್ವರ ತರಗತಿಯಲ್ಲಿ ಒಂದೊಂದು ಮಗುವೂ ಶೇ 25.

ಇದು ಲೆಕ್ಕಶಾಸ್ತ್ರದಲ್ಲಿ ಬಹಳ ಹಳೆಯ ಸಂಗತಿ. ನಾಣ್ಯವನ್ನು ಸಾವಿರ ಸಲ ಚಿಮ್ಮಿದರೆ ತಲೆ ಸುಮಾರು ಅರ್ಧದಷ್ಟು ಸಲ ಬೀಳುತ್ತದೆ. ನಾಲ್ಕೇ ಸಲ ಚಿಮ್ಮಿದರೆ ನಾಲ್ಕೂ ತಲೆಯೇ ಬೀಳಬಹುದು, ಒಂದೂ ಬೀಳದೆಯೂ ಇರಬಹುದು. ಹಾಗಾಗಿ ಶಾಲೆಗಳನ್ನು ಅಂಕದ ಪ್ರಕಾರ ಸಾಲಾಗಿ ನಿಲ್ಲಿಸಿದರೆ ಸಣ್ಣ ಶಾಲೆಗಳು ಮೇಲಿನ ತುದಿಯಲ್ಲೂ ಸಿಗುತ್ತವೆ, ಕೆಳಗಿನ ತುದಿಯಲ್ಲೂ ಸಿಗುತ್ತವೆ. ಅಮೆರಿಕದಲ್ಲಿ ಇದನ್ನು ಅರ್ಧ ನೋಡಿ ಕೈಸುಟ್ಟುಕೊಂಡರು. ಒಳ್ಳೆಯ ಶಾಲೆಗಳ ಪಟ್ಟಿಯಲ್ಲಿ ಸಣ್ಣ ಶಾಲೆಗಳೇ ಹೆಚ್ಚು ಕಂಡವು. ಗೇಟ್ಸ್ ಫೌಂಡೇಶನ್ 2000ದ ದಶಕದಲ್ಲಿ ದೊಡ್ಡ ಹೈಸ್ಕೂಲುಗಳನ್ನು ಒಡೆದು ಸಣ್ಣದು ಮಾಡಲು ಭಾರಿ ಹಣ ಸುರಿಯಿತು. ಕೊನೆಯ ಸಾಲಿನಲ್ಲೂ ಸಣ್ಣ ಶಾಲೆಗಳೇ ಹೆಚ್ಚಿದ್ದವು ಎಂಬುದನ್ನು ಸಂಖ್ಯಾಶಾಸ್ತ್ರಜ್ಞರು ಆಮೇಲೆ ತೋರಿಸಿದರು. ನಾವು ಈಗ ಉಲ್ಟಾ ದಿಕ್ಕಿನಲ್ಲಿ ಅದೇ ತಪ್ಪು ಮಾಡುತ್ತಿದ್ದೇವೆ. ಕೊನೆಯ ಸಾಲಿನ ಸಣ್ಣ ಶಾಲೆಗಳನ್ನು ನೋಡಿ, ಸಣ್ಣದಾಗಿರುವುದೇ ರೋಗ ಎಂದು ತೀರ್ಮಾನಿಸುತ್ತಿದ್ದೇವೆ.

ಹಾಗಂತ ಕಲಿಕೆ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಚೆನ್ನಾಗಿಲ್ಲ. 2024ರ ಅಸರ್‌ನಲ್ಲಿ ಗ್ರಾಮೀಣ ಭಾರತದ ಸರ್ಕಾರಿ ಶಾಲೆಗಳ ಮೂರನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಪಾಠ ಓದಬಲ್ಲವರು ಶೇ 23.4. ನೂರರಲ್ಲಿ ಇಪ್ಪತ್ತಮೂರು ಮಕ್ಕಳು. ಐದನೇ ತರಗತಿಗೆ ಬಂದರೂ ಅದೇ ಪಾಠ ಓದಬಲ್ಲವರು ಶೇ 44.8. ಅಂದರೆ ಸರ್ಕಾರಿ ಪ್ರಾಥಮಿಕ ಶಾಲೆ ಮುಗಿಸುವ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಎರಡನೇ ತರಗತಿಯ ಪುಟ ಓದಲು ಆಗುವುದಿಲ್ಲ. 2022ಕ್ಕೆ ಹೋಲಿಸಿದರೆ ಇದು ಸುಧಾರಣೆ. ಆಗ ಈ ಎರಡು ಅಂಕಿಗಳು 16.3 ಮತ್ತು 38.5 ಇದ್ದವು. ಆದರೂ ಸಮಾಧಾನ ಪಡುವಂಥದ್ದಲ್ಲ. ಇವು ಇಡೀ ದೇಶದ ಸರಾಸರಿ ಎಂಬುದನ್ನೂ ಮರೆಯಬಾರದು. ಇವು ನಿಮ್ಮೂರ ಶಾಲೆಯ ಬಗ್ಗೆ ಏನೂ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಒಂದೊಂದು ಮಗುವನ್ನೂ ಕೂರಿಸಿಕೊಂಡು ಓದಿಸಬೇಕು. ಹೋದ ಜೂನ್‌ನಲ್ಲಿ ಈ ಹುಡುಗಿ ಎಲ್ಲಿದ್ದಳು, ಈ ಮಾರ್ಚ್‌ನಲ್ಲಿ ಎಲ್ಲಿದ್ದಾಳೆ ಎಂದು ನೋಡಬೇಕು. ಇಪ್ಪತ್ತು ಮಕ್ಕಳ ಶಾಲೆಯಲ್ಲಿ ಇದನ್ನು ಮಾಡಲು ಯಾವ ಸಮೀಕ್ಷೆಯೂ ಬೇಡ. ಒಂದು ನೋಟ್‌ಬುಕ್ ಸಾಕು.

ಒಂದು ಕೋಣೆ, ಮೂರು ತರಗತಿ

ಸಣ್ಣ ಶಾಲೆಯ ನಿಜವಾದ ಕಥೆ ಇರುವುದು ಸಮಯದಲ್ಲಿ. ಲೆಕ್ಕ ಹಾಕಿ ನೋಡಿ. ಐದು ತರಗತಿ. ಕನ್ನಡ, ಇಂಗ್ಲಿಷ್, ಗಣಿತ, ಪರಿಸರ ಅಧ್ಯಯನ ಎಂದು ನಾಲ್ಕು ವಿಷಯ. ಒಟ್ಟು 20 ಪಾಠ. ದಿನಕ್ಕೆ ಪಾಠಕ್ಕೆ ಸಿಗುವುದು ಸುಮಾರು ಐದು ಗಂಟೆ. ಒಬ್ಬರೇ ಶಿಕ್ಷಕರಿದ್ದರೆ ಒಂದು ತರಗತಿಗೆ ಒಂದು ಗಂಟೆ, ಒಂದು ವಿಷಯಕ್ಕೆ ಕಾಲು ಗಂಟೆ. ಇದೂ ಫೋನ್ ಬರದ, ಮೀಟಿಂಗ್ ಇಲ್ಲದ, ಅಕ್ಕಿಯ ಲೆಕ್ಕ ಬರೆಯದ ದಿನದ ಮಾತು. ಅಂಥ ದಿನ ಎಷ್ಟು ಸಿಗುತ್ತವೆ?

ಈ ಕಷ್ಟಕ್ಕೆ ಕರ್ನಾಟಕವೇ ಒಂದು ಒಳ್ಳೆಯ ಉತ್ತರ ಕಂಡುಕೊಂಡಿತ್ತು. 1995ರ ಹೊತ್ತಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಕೇಂದ್ರಕ್ಕೆ ಹೋಗಿ ಅಲ್ಲಿನ ಬಹುವರ್ಗ ಬೋಧನೆ, ಅಂದರೆ ಹಲವು ತರಗತಿಗಳಿಗೆ ಒಟ್ಟಿಗೆ ಕಲಿಸುವ ಕ್ರಮ, ನೋಡಿ ಬಂದರು. ಯುನಿಸೆಫ್ ನೆರವಿನಲ್ಲಿ ತಮ್ಮದೇ ಕಾರ್ಡುಗಳನ್ನು ಬರೆದುಕೊಂಡರು. ಅದೇ 'ನಲಿ ಕಲಿ'. 2009-10ರ ಹೊತ್ತಿಗೆ ಇದು ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ಈಗ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ.

ನಲಿ ಕಲಿ ಕೋಣೆಗೆ ಹೋದವರಿಗೆ ಮೊದಲು ಕಾಣುವುದು ತಲೆಯ ಮೇಲಿನ ಚಪ್ಪರ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಮಕ್ಕಳ ಚಿತ್ರ, ಬಣ್ಣದ ಕಾಗದ ನೇತುಹಾಕಿರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಮಗು ತಾನು ಯಾವ ಮೈಲಿಗಲ್ಲಿನಲ್ಲಿದ್ದೇನೆ ಎಂದು ಅಲ್ಲಿ ನೋಡಿಕೊಂಡು, ಅದಕ್ಕೆ ಸರಿಯಾದ ಕಾರ್ಡ್ ತೆಗೆದುಕೊಂಡು, ತನ್ನ ತಟ್ಟೆಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಐದು ತಟ್ಟೆ ಇರುತ್ತವೆ. ಟೀಚರ್ ಪೂರ್ತಿ ಸಹಾಯ ಮಾಡುವ ತಟ್ಟೆ, ಸ್ವಲ್ಪ ಸಹಾಯ ಮಾಡುವ ತಟ್ಟೆ, ಗೆಳೆಯರಿಂದ ಪೂರ್ತಿ ಸಹಾಯ ಪಡೆಯುವ ತಟ್ಟೆ, ಸ್ವಲ್ಪ ಸಹಾಯ ಪಡೆಯುವ ತಟ್ಟೆ, ತಾನೇ ಕಲಿಯುವ ತಟ್ಟೆ. ಅಕ್ಷರವೂ ಅ ಆ ಇ ಈ ಎಂದು ಶುರುವಾಗುವುದಿಲ್ಲ. ರ, ಗ, ಸ, ದ, ಅ. ಈ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಅಗಸ, ದಸರ ಎಂದು ಓದಲು ಶುರು ಮಾಡುತ್ತದೆ. ವರ್ಣಮಾಲೆ ಪೂರ್ತಿ ಮುಗಿಯುವವರೆಗೆ ಕಾಯಬೇಕಿಲ್ಲ. ಮೊದಲ ತಿಂಗಳುಗಳಲ್ಲೇ 'ನನಗೆ ಓದಲು ಬರುತ್ತದೆ' ಎಂಬ ಖುಷಿ ಸಿಗುತ್ತದೆ. ಹಳ್ಳಿ ಶಾಲೆಯ ಶಿಕ್ಷಕರೇ ಸೇರಿ ಕಟ್ಟಿದ ಪದ್ಧತಿ ಇದು. ಇದರ ಬಗ್ಗೆ ನಮಗೆ ಹೆಮ್ಮೆ ಇರಬೇಕಿತ್ತು.

ಆದರೆ ನಲಿ ಕಲಿಗೆ ಒಂದು ಷರತ್ತು ಇದೆ. ಟೀಚರ್ ಆ ಕೋಣೆಯಲ್ಲೇ, ಆ ತಟ್ಟೆಯ ಜೊತೆ ನೆಲದ ಮೇಲೆ ಕೂತಿರಬೇಕು. ಏಕೋಪಾಧ್ಯಾಯ ಶಾಲೆಯಲ್ಲಿ ಅವರು ಪಕ್ಕದ ಕೋಣೆಗೆ ನಾಲ್ಕು, ಐದನೇ ತರಗತಿಗೆ ಎದ್ದು ಹೋದ ಕ್ಷಣಕ್ಕೆ ಐದು ತಟ್ಟೆಯೂ ಸ್ವಕಲಿಕೆಯ ತಟ್ಟೆಯಾಗುತ್ತದೆ. ಆರು ವರ್ಷದ ಮಗು ಕಾರ್ಡ್ ಹಿಡಿದುಕೊಂಡು ಬಾಗಿಲ ಕಡೆ ನೋಡುತ್ತಾ ಕೂರುತ್ತದೆ. ನಾಲ್ಕು ಮತ್ತು ಐದನೇ ತರಗತಿಯದು ಬೇರೆಯೇ ಕಷ್ಟ. ಅಲ್ಲಿಗೆ ಬಂದ ಕೂಡಲೇ ಕಾರ್ಡು, ಏಣಿ, ಮೈಲಿಗಲ್ಲು ಎಲ್ಲ ನಿಂತುಹೋಗುತ್ತದೆ. ತರಗತಿಗೊಂದು ಪಠ್ಯಪುಸ್ತಕ ಬರುತ್ತದೆ. ಒಂದು ಕೋಣೆಗೆ ಒಬ್ಬ ಟೀಚರ್, ಒಂದೇ ತರಗತಿ ಎಂದು ಊಹಿಸಿ ಬರೆದ ಪುಸ್ತಕ ಅದು. ವಾಸ್ತವದಲ್ಲಿ ಎರಡು ತರಗತಿ ಒಟ್ಟಿಗೆ ಕೂತಿರುತ್ತವೆ. ಕೆಳಗಿನ ತರಗತಿಯಲ್ಲಿ ಹಿಂದುಳಿದ ಮಗು ಅಲ್ಲಿ ಪೂರ್ತಿ ಕಳೆದುಹೋಗುತ್ತದೆ. ಕೊರೊನಾ ನಂತರ 2022-23ರಲ್ಲಿ 'ಕಲಿಕಾ ಚೇತರಿಕೆ' ಎಂದು ಒಂದು ವರ್ಷದ ಮಟ್ಟಿಗೆ, ಹಿಂದಿನ ತರಗತಿಗಳ ಕಲಿಕೆಯನ್ನೂ ಸೇರಿಸಿ ಹಾಳೆಗಳನ್ನು ಕೊಟ್ಟರು. ದಿಕ್ಕು ಸರಿ ಇತ್ತು. ಸಣ್ಣ ಶಾಲೆಗೆ ಅದು ಒಂದು ವರ್ಷದ ಔಷಧಿಯಲ್ಲ, ಪ್ರತಿ ವರ್ಷ ಬೇಕು.

ಪಾಠದ ಆಚೆಗಿನ ಕೆಲಸದ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಎಲ್ಲರಿಗೂ ಗೊತ್ತಿದೆ. ಮಕ್ಕಳ ದಾಖಲೆ ಇಡುವ ಇಲಾಖೆಯ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಹಾಜರಾತಿ, ಹಾಲಿನ ಪುಡಿ, ಮೊಟ್ಟೆ, ಅಕ್ಕಿಯ ಲೆಕ್ಕ, ಮತಗಟ್ಟೆ ಕೆಲಸ. 2025ರ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಕಳಿಸಿ, ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ವಿಸ್ತರಿಸಿದರು. ಹತ್ತು ಜನ ಶಿಕ್ಷಕರಿರುವ ಶಾಲೆಯಲ್ಲಿ ಈ ಕೆಲಸ ಹಂಚಿಹೋಗುತ್ತದೆ. ಒಬ್ಬರೇ ಇರುವಲ್ಲಿ ಅಷ್ಟೂ ಒಂದೇ ತಲೆ ಮೇಲೆ. ಇಪ್ಪತ್ತು ಮಕ್ಕಳಿರಲಿ, ಇನ್ನೂರು ಮಕ್ಕಳಿರಲಿ, ತುಂಬಬೇಕಾದ ಫಾರಂ ಮಾತ್ರ ಅವೇ.

ತಲೆ ಲೆಕ್ಕದ ಸುಳಿ

ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಹೇಳುವುದು ಹೀಗೆ. ಒಂದರಿಂದ ಐದನೇ ತರಗತಿಯ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು. ಅಂದರೆ ಐದು ತರಗತಿಗೆ ಐವರು ಎಂಬುದು ನೂರಿಪ್ಪತ್ತು ಮಕ್ಕಳು ದಾಟಿದ ಮೇಲೆಯೇ. ಕಾಯ್ದೆ ಎಣಿಸುವುದು ತಲೆಗಳನ್ನು. ಪಾಠ ನಡೆಯುವುದು ತರಗತಿಗಳಿಗೆ. ಇಪ್ಪತ್ತು ಮಕ್ಕಳಿದ್ದರೂ ಐದು ಪಠ್ಯಕ್ರಮ ಇದ್ದೇ ಇರುತ್ತದೆ. ಒಟ್ಟು ಲೆಕ್ಕದಲ್ಲಿ 'ಇಪ್ಪತ್ತು ಮಕ್ಕಳಿಗೆ ಒಬ್ಬ ಶಿಕ್ಷಕರು' ಎಂದರೆ ಬಹಳ ಚೆನ್ನಾಗಿ ಕಾಣುತ್ತದೆ. ಕೋಣೆಯೊಳಗೆ ಹೋಗಿ ನೋಡಿದರೆ ಐದು ತರಗತಿಗೆ ಒಬ್ಬರು.

ಇಬ್ಬರು ಇರಲೇಬೇಕು ಎಂಬ ಈ ಕನಿಷ್ಠ ನಿಯಮವೂ ಏಳು ಸಾವಿರಕ್ಕೂ ಹೆಚ್ಚು ಶಾಲೆಗಳಲ್ಲಿ ಪಾಲನೆಯಾಗಿಲ್ಲ. ಹೆಚ್ಚುವರಿ ಶಿಕ್ಷಕರ ಮರುಹೊಂದಾಣಿಕೆ ನಡೆದಾಗ ಮಕ್ಕಳು ಕಡಿಮೆ ಇರುವ ಶಾಲೆಯಿಂದಲೇ ಶಿಕ್ಷಕರು ಹೊರಡುತ್ತಾರೆ. ಆಮೇಲಿನ ಸುಳಿ ಗೊತ್ತಿರುವುದೇ. ಟೀಚರ್ ಹೋದರು ಎಂದು ನಾಲ್ಕು ಮನೆಯವರು ಮಕ್ಕಳನ್ನು ಬಿಡಿಸುತ್ತಾರೆ. ಮಕ್ಕಳು ಹೋದರು ಎಂದು ಶಾಲೆಗೆ ಬರುವ ಹಣವೂ ಕಡಿಮೆಯಾಗುತ್ತದೆ. ಕೇಂದ್ರದ 'ಸಮಗ್ರ ಶಿಕ್ಷಣ' ಯೋಜನೆಯ ಶಾಲಾ ಅನುದಾನ 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31 ಆದರೆ 25,000. ಒಂದು ಮಗು ಬಿಟ್ಟರೆ 15,000 ರೂಪಾಯಿ ಹೋಯಿತು. ಅಡುಗೆಯವರದೂ ಇದೇ ಕಥೆ. 25 ಮಕ್ಕಳವರೆಗೆ ಒಬ್ಬರು, 26 ಆದರೆ ಇಬ್ಬರು. ಎರಡನೇ ಅಡುಗೆಯವರ ಕೆಲಸ ಒಂದು ಮಗುವಿನ ಹೆಸರಿನ ಮೇಲೆ ನಿಂತಿರುತ್ತದೆ. ದಾಖಲಾತಿ ಪುಸ್ತಕದಲ್ಲಿ ಹೆಸರು ಇದ್ದು, ಬೆಂಚಿನ ಮೇಲೆ ಮಗು ಇಲ್ಲದಿರುವುದು ಯಾಕೆ ಆಗುತ್ತದೆ ಎಂದು ಕೇಳುವವರು ಈ ಗೆರೆಗಳನ್ನು ನೋಡಬೇಕು.

ಖಾಲಿ ಜಾಗಕ್ಕೆ ಅತಿಥಿ ಶಿಕ್ಷಕರು ಬರುತ್ತಾರೆ. ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರ ಗೌರವಧನ ತಿಂಗಳಿಗೆ 10,000 ಇತ್ತು. 2025ರ ಬಜೆಟ್‌ನಲ್ಲಿ 2,000 ಏರಿತು. ಇಷ್ಟರಲ್ಲಿ ಮನೆ ನಡೆಸಬೇಕಾದವರು ಬೇರೆ ಕೆಲಸ ಸಿಕ್ಕ ದಿನ ಹೊರಡುತ್ತಾರೆ. ಅವರನ್ನು ತಪ್ಪು ಎನ್ನಲಾಗದು. ಆದರೆ ಆರು ವರ್ಷದ ಮಗುವಿಗೆ ಟೀಚರ್ ಬದಲಾಗುವುದು ಸಣ್ಣ ವಿಷಯವಲ್ಲ.

ವಿಲೀನ: ಎಲ್ಲಿ ಸರಿ, ಎಲ್ಲಿ ತಪ್ಪು

ವಿಲೀನದ ಪರವಾಗಿರುವವರ ಮಾತಿನಲ್ಲಿ ಒಂದು ಅಂಶವನ್ನು ನಾನು ಪೂರ್ತಿ ಒಪ್ಪುತ್ತೇನೆ. ಮಗುವಿಗೆ ಮಕ್ಕಳು ಬೇಕು. ಇಡೀ ಶಾಲೆಯಲ್ಲಿ ಆರು ಮಕ್ಕಳಿದ್ದು, ಎರಡನೇ ತರಗತಿಗೆ ಒಬ್ಬಳೇ ಹುಡುಗಿ ಇದ್ದರೆ ಅವಳು ಯಾರ ಜೊತೆ ಆಡಬೇಕು, ಯಾರ ಜೊತೆ ಜಗಳವಾಡಬೇಕು? ಗೆಳೆಯರಿಂದ ಕಲಿಯುವ ತಟ್ಟೆಗೆ ಗೆಳೆಯರೇ ಇಲ್ಲ. ಒಂದೇ ಊರಿನಲ್ಲಿ ಕೂಗಳತೆಯಲ್ಲಿ ಎರಡು ಶಾಲೆಗಳಿದ್ದು, ಎರಡರಲ್ಲೂ ಹತ್ತತ್ತು ಮಕ್ಕಳಿದ್ದರೆ ಒಂದು ಮಾಡುವುದು ಒಳ್ಳೆಯದು. ಇಬ್ಬರು ಶಿಕ್ಷಕರು ಒಂದೇ ಕಡೆ ಸಿಗುತ್ತಾರೆ. ಒಬ್ಬರು ನಲಿ ಕಲಿ, ಇನ್ನೊಬ್ಬರು ನಾಲ್ಕು ಮತ್ತು ಐದು.

ತೊಂದರೆ ಬರುವುದು ಇದನ್ನು ರಾಜ್ಯಕ್ಕೆಲ್ಲ ಒಂದೇ ಸೂತ್ರ ಮಾಡಿದಾಗ. 2018ರ ಜುಲೈ ಬಜೆಟ್‌ನಲ್ಲಿ ಒಂದು ಕಿಲೋಮೀಟರ್ ವ್ಯಾಪ್ತಿಯ 28,847 ಶಾಲೆಗಳನ್ನು 8,530 ಶಾಲೆಗಳ ಜೊತೆ ಸೇರಿಸುವ ಪ್ರಸ್ತಾವ ಬಂತು. ಸಾಹಿತಿಗಳು, ಶಿಕ್ಷಣ ತಜ್ಞರು ಗಟ್ಟಿಯಾಗಿ ವಿರೋಧಿಸಿದರು. ಅದೇ ಸಾಲಿನಲ್ಲಿ ಕರ್ನಾಟಕ ಪಬ್ಲಿಕ್ ಶಾಲೆಗಳು ಶುರುವಾದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಕಡೆ. ಅಲ್ಲಿ ಸೀಟಿಗೆ ನೂಕುನುಗ್ಗಲು ಇದೆ. ಈಗ ಅವುಗಳನ್ನೇ ಸುತ್ತಲಿನ ಸಣ್ಣ ಶಾಲೆಗಳ ಮಕ್ಕಳನ್ನು ಸೆಳೆಯುವ 'ಮ್ಯಾಗ್ನೆಟ್' ಮಾಡುವ ಮಾತು ನಡೆದಿದೆ. ಉತ್ತರ ಪ್ರದೇಶ ಸರ್ಕಾರವೂ 2025ರ ಜೂನ್‌ನಲ್ಲಿ ಕಡಿಮೆ ಮಕ್ಕಳ ಶಾಲೆಗಳನ್ನು ಜೋಡಿಸುವ ಆದೇಶ ಹೊರಡಿಸಿತು. ಅದು ಅಲಹಾಬಾದ್ ಹೈಕೋರ್ಟ್ ಮೆಟ್ಟಿಲೇರಿತು.

ನಕ್ಷೆಯ ಮೇಲಿನ ಒಂದು ಕಿಲೋಮೀಟರ್ ಎಲ್ಲ ಕಡೆ ಒಂದೇ ಅಲ್ಲ. ಮಂಡ್ಯದ ಬಯಲಿನಲ್ಲಿ ಮಗು ಹದಿನೈದು ನಿಮಿಷದಲ್ಲಿ ನಡೆದುಬಿಡುತ್ತದೆ. ಶಿರಸಿ, ಸಿದ್ದಾಪುರ, ತೀರ್ಥಹಳ್ಳಿ, ಕೊಪ್ಪದ ಕಡೆ ನಡುವೆ ಹಳ್ಳ ಇರುತ್ತದೆ, ಗುಡ್ಡ ಇರುತ್ತದೆ, ಸಂಕದ (ಹಳ್ಳ ದಾಟುವ ಕಾಲುಸೇತುವೆ) ಮೇಲೆ ನೀರು ಹರಿಯುತ್ತದೆ. ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಒಂದೇ ಸಮಯಕ್ಕೆ. ಬಸ್ ಕೊಡುತ್ತೇವೆ ಎನ್ನುತ್ತಾರೆ. ಬಸ್ ಹೋಗುವ ರಸ್ತೆ ಆ ಮನೆಯವರೆಗೆ ಇದೆಯೇ ಎಂದು ಮೊದಲು ನೋಡಬೇಕು. ಶಾಲೆ ದೂರವಾದರೆ ಸ್ವಲ್ಪ ಅನುಕೂಲ ಇದ್ದವರು ಹೇಗೂ ವ್ಯಾನ್ ಹಿಡಿಯುತ್ತಾರೆ. ಬಿಟ್ಟುಹೋಗುವುದು ತೋಟದ ಕಾರ್ಮಿಕರ ಲೈನ್ ಮನೆಯ ಮಗು, ಅಣ್ಣ ಜೊತೆಗಿಲ್ಲದ ಹುಡುಗಿ.

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕಥೆ ಬೇರೆ. ಅಲ್ಲಿ ಮಕ್ಕಳು ತುಂಬಿರುವ, ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗಳು ಬಹಳ. 'ಮಲೆನಾಡಿನಲ್ಲಿ ಹತ್ತು ಮಕ್ಕಳಿಗೆ ಇಬ್ಬರು ಯಾಕೆ, ಇಲ್ಲಿ ನೂರು ಮಕ್ಕಳಿಗೆ ಇಬ್ಬರಿದ್ದಾರೆ' ಎಂಬ ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರ ಖಾಲಿ ಹುದ್ದೆ ತುಂಬುವುದು. ಒಂದು ಕಡೆಯ ಮಗುವಿನ ಟೀಚರನ್ನು ಇನ್ನೊಂದು ಕಡೆಯ ಮಗುವಿಗೆ ಕೊಟ್ಟರೆ ಕೊರತೆ ಜಾಗ ಬದಲಿಸುತ್ತದೆ, ಅಷ್ಟೇ.

ನನ್ನನ್ನು ಕೇಳಿದರೆ, ಐದು ತರಗತಿ ಇರುವ ಯಾವ ಶಾಲೆಗೂ ಮಕ್ಕಳ ಸಂಖ್ಯೆ ನೋಡದೆ ಇಬ್ಬರು ಕಾಯಂ ಶಿಕ್ಷಕರನ್ನು ಕೊಡಬೇಕು. ಅದಾಗದಿದ್ದರೆ ಉಳಿದ ಯಾವ ಯೋಜನೆಯೂ ಆ ಕೋಣೆಗೆ ತಲುಪುವುದಿಲ್ಲ. ಅಂಗನವಾಡಿಯನ್ನು ಶಾಲೆಯ ಆವರಣಕ್ಕೇ ತಂದು, ಕಾರ್ಯಕರ್ತೆಯರನ್ನು ಉಳಿಸಿಕೊಂಡೇ ಅಲ್ಲಿ ಪೂರ್ವ ಪ್ರಾಥಮಿಕ ನಡೆಸಬಹುದು. ನಾಲ್ಕು, ಐದನೇ ತರಗತಿಗೆ ನಲಿ ಕಲಿಯಂಥದೇ ಬಹುವರ್ಗದ ಸಾಮಗ್ರಿ ಬರೆಯಲು ಇದೇ ರಾಜ್ಯದಲ್ಲಿ ಅನುಭವಿ ಶಿಕ್ಷಕರಿದ್ದಾರೆ. ಎಸ್‌ಎಟಿಎಸ್, ಬಿಸಿಯೂಟದ ಲೆಕ್ಕವನ್ನು ನೋಡಿಕೊಳ್ಳಲು ಕ್ಲಸ್ಟರಿಗೊಬ್ಬ, ಅಂದರೆ ಅಕ್ಕಪಕ್ಕದ ಶಾಲೆಗಳ ಗುಂಪಿಗೊಬ್ಬ, ಗುಮಾಸ್ತರು ಸಾಕು.

ಇನ್ನು ವಿಲೀನ ಮಾಡಲೇಬೇಕು ಎನ್ನುವವರಿಗೆ ಒಂದು ಕೇಳಿಕೆ. ರಾಜ್ಯದ ಪ್ರತಿ ಮಗುವಿಗೂ ಎಸ್‌ಎಟಿಎಸ್ ಸಂಖ್ಯೆ ಇದೆ. ಶಾಲೆ ಬದಲಾದರೂ ಆ ಸಂಖ್ಯೆ ಬದಲಾಗುವುದಿಲ್ಲ. ಈವರೆಗೆ ಮುಚ್ಚಿದ ಅಥವಾ ಸೇರಿಸಿದ ಶಾಲೆಗಳ ಮಕ್ಕಳು ಈಗ ಯಾವ ಶಾಲೆಯಲ್ಲಿದ್ದಾರೆ, ಕಳೆದ ವರ್ಷ ಎಷ್ಟು ದಿನ ಹಾಜರಿದ್ದರು, ಎಷ್ಟು ಜನ ಯಾವ ಶಾಲೆಯಲ್ಲೂ ಇಲ್ಲ ಎಂಬುದನ್ನು ಇಲಾಖೆ ಕಂಪ್ಯೂಟರಿನಲ್ಲೇ ನೋಡಬಹುದು. ಮಕ್ಕಳ ಹೆಸರು ಬೇಡ. ತಾಲ್ಲೂಕುವಾರು ಲೆಕ್ಕ ಸಾಕು. ಮುಂದಿನ ವಿಲೀನದ ಆದೇಶಕ್ಕೆ ಸಹಿ ಬೀಳುವ ಮೊದಲು ಆ ಪಟ್ಟಿಯನ್ನು ಪ್ರಕಟಿಸಲಿ. ಊರಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನು ಎಲ್ಲರ ಮುಂದೆ ಓದಿ ಹೇಳಲಿ.